ಗಣಪನ ಹಿಂದೆ ಅಂಟಿಸಿದ ಟ್ಯಾಗು

ಕಾರು ನಿಂತ ಕೂಡಲೇ ನನ್ನ ಗಂಡ ಇಳಿದುಬಿಡುತ್ತಾರೆ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಯಾಕೆಂದರೆ ಈ ಎರಡು ವರ್ಷದಿಂದ ನನ್ನ ಎದೆಯಲ್ಲಿ ಕೂತಿರುವ ಹೆದರಿಕೆಯೆಲ್ಲ ಹುಟ್ಟಿದ್ದು ಇದೊಂದರಿಂದಲೇ. ಸಿಗ್ನಲ್ಲಿನಲ್ಲಿ ನಿಲ್ಲಿಸಿದರೆ ಇಳಿಯುತ್ತಾರೆ. ಎಮ್ಮೆ ಅಡ್ಡ ಬಂತೆಂದು ಬ್ರೇಕ್ ಒತ್ತಿದರೂ ಇಳಿಯುತ್ತಾರೆ. ಇಳಿದವರು ಹತ್ತಿರದ ವಾಹನದ ಮುಂದೆ ಹೋಗಿ ನಿಂತು, ಕೈ ಚಾಚಿ, "ಆರ್‌ಸಿ, ಎಫ್‌ಸಿ, ಲೈಸೆನ್ಸ್" ಎನ್ನುತ್ತಾರೆ.

ಅವರು ಬ್ರೇಕ್ ಇನ್ಸ್‌ಪೆಕ್ಟರ್ ಆಗಿದ್ದವರು. ಸರ್ಕಾರದ ಕಾಗದದಲ್ಲಿ ಮೋಟಾರು ವಾಹನ ನಿರೀಕ್ಷಕರು ಎಂದಿತ್ತು. ನಮ್ಮ ಕಡೆ ಯಾರ ಬಾಯಲ್ಲೂ ಆ ಮಾತನ್ನು ನಾನು ಕೇಳಿದ್ದಿಲ್ಲ. ರಿಟೈರ್ ಆಗಿ ಹದಿನಾರು ವರ್ಷವಾಯಿತು. ಆಮೇಲೆ ಮರೆವು ಬಂತು. ಡಾಕ್ಟರು ತುಂಬ ಜೆಂಟಲ್ ಆಗಿ ಡಿಮೆನ್ಷಿಯಾ ಎಂದರು, ಮನೆಗೆ ಬಂದ ಅತಿಥಿಯನ್ನು ಪರಿಚಯಿಸುವವರ ಹಾಗೆ. ಊಟ ಮಾಡಿದ್ದನ್ನು ಮರೆತರು, ಮಗಳ ಮದುವೆಯನ್ನು ಮರೆತರು, ನಮ್ಮ ಬಚ್ಚಲು ಯಾವ ಕಡೆ ಎಂಬುದನ್ನೂ ಮರೆತರು. ನೌಕರಿಯನ್ನು ಮಾತ್ರ ಮರೆಯಲಿಲ್ಲ.

ಪ್ರತಿ ಗುರುವಾರ ನಾನು ಅವರನ್ನು ಮುಳಬಾಗಿಲಿನ ನಮ್ಮ ಮನೆಯಿಂದ ಕೋಲಾರಕ್ಕೆ, ಅವರ ಅಕ್ಕನ ಮನೆಗೆ ಕರೆದುಕೊಂಡು ಹೋಗುತ್ತೇನೆ. ಅಕ್ಕನಿಗೆ ಎಂಬತ್ತೈದು ದಾಟಿದೆ, ಹೊಸ್ತಿಲು ದಾಟುವುದೂ ಕಷ್ಟ. ಇವರಿಗೆ ತಪ್ಪದೆ ಗುರುತು ಸಿಗುವ ಮುಖ ಈಗ ಅದೊಂದೇ. "ಬಂದ್ಯೇನೋ ತಮ್ಮಯ್ಯಾ" ಎಂದು ಆಕೆ ಒಳಗಿನಿಂದ ಕೂಗಿದರೆ ಇವರ ಬಿಗಿದ ಭುಜ ಸಡಿಲವಾಗುತ್ತದೆ. ಚಪ್ಪಲಿ ಜೋಡಿಸಿಟ್ಟು ಒಳಗೆ ಹೋಗುತ್ತಾರೆ, ಎರಡು ಮುದ್ದೆ ಉಣ್ಣುತ್ತಾರೆ, ಅಕ್ಕನ ಹತ್ತಿರ ಬೈಸಿಕೊಂಡು ನಗುತ್ತಾರೆ. ನಾನು ಮೂಲೆಯ ಕುರ್ಚಿಯಲ್ಲಿ ಕೂತು ನನ್ನ ಹಳೆಯ ಗಂಡನನ್ನು ನೋಡುತ್ತೇನೆ. ಆ ಟೂ ಅವರ್ಸ್‌ಗಾಗಿ ನಾನು ಏನನ್ನಾದರೂ ಮಾಡಲು ತಯಾರಿದ್ದೆ. ಮಾಡಿದ್ದೂ ಹೌದು.

ಡ್ರೈವರನ್ನು ಇಟ್ಟುಕೊಳ್ಳಿ ಎಂದು ಎಲ್ಲರೂ ಹೇಳುತ್ತಾರೆ. ಇಟ್ಟುಕೊಂಡಿದ್ದೆ. ಮೊದಲ ದಿನವೇ ಇವರು ಅವನ ಲೈಸೆನ್ಸ್ ಕೇಳಿ ಪಡೆದು ಜೇಬಿಗಿಳಿಸಿಕೊಂಡರು. ಸಂಜೆ ಹೇಗೋ ಅದನ್ನು ವಾಪಸು ಪಡೆದುಕೊಂಡು ಹೋದವನು ಆಮೇಲೆ ಇತ್ತ ತಲೆ ಹಾಕಲಿಲ್ಲ. ಹಿಂದಿನ ಸೀಟಿನಲ್ಲಿ ಕೂರಿಸಿ ಚೈಲ್ಡ್ ಲಾಕ್ ಹಾಕಿಯೂ ನೋಡಿದೆ. ಯಾರೋ ತಮ್ಮನ್ನು ಹೊತ್ತೊಯ್ಯುತ್ತಿದ್ದಾರೆಂದು ಕಿಟಕಿ ಬಡಿದು ಕೂಗಿದರು. ಇನ್ನೊಮ್ಮೆ ಆ ಪಾಪ ಮಾಡಲಿಲ್ಲ. ಹೀಗಾಗಿ ಎಪ್ಪತ್ತೆರಡು ವಯಸ್ಸಿನ ನಾನು ಸ್ಟೀರಿಂಗ್ ಹಿಡಿಯುವುದು, ಅವರು ಎಡಗಡೆ ಮುಂದಿನ ಸೀಟಿನಲ್ಲಿ ಬೆನ್ನು ನೆಟ್ಟಗೆ ಮಾಡಿ ಕೂರುವುದು. ಲೈಸೆನ್ಸ್ ಟೆಸ್ಟಿನಲ್ಲಿ ಇನ್ಸ್‌ಪೆಕ್ಟರ್ ಕೂರುವುದು ಅಲ್ಲೇ ತಾನೆ.

ಒಂದು ಪುಣ್ಯವೆಂದರೆ ಕಾರು ಓಡುತ್ತಿರುವಾಗ ಅವರು ಬಾಗಿಲಿಗೆ ಕೈ ಹಾಕುವುದಿಲ್ಲ. ಓಡುವ ಗಾಡಿಯಿಂದ ಇಳಿಯುವುದು ರೂಲ್ಸಿಗೆ ವಿರುದ್ಧ. ಹಾಗಾಗಿ ನನ್ನ ಡ್ರೈವಿಂಗ್ ಅಂದರೆ ನಿಲ್ಲದೆ ಇರುವ ವಿದ್ಯೆ. ಹೈವೇಯಲ್ಲಿ ಅದು ಸುಲಭ, ಟೋಲ್ ಗೇಟ್ ಒಂದನ್ನು ಬಿಟ್ಟರೆ. ಗಾಜಿನ ಮೇಲೆ ಟೋಲಿನ ದುಡ್ಡು ಕಟ್ಟುವ ಟ್ಯಾಗ್ ಸರಿಯಾಗಿದ್ದರೆ ಫಸ್ಟ್ ಗೇರಿನಲ್ಲಿ ಉರುಳುತ್ತಿರುವಾಗಲೇ ಅಡ್ಡಗೋಲು ಎದ್ದುಬಿಡುತ್ತದೆ. ಸರಿಯಿಲ್ಲದಿದ್ದರೆ ಲಾರಿಗಳ ನಡುವೆ ನಿಲ್ಲಬೇಕು. ನಿಂತರೆ ಇವರು ಇಳಿಯುತ್ತಾರೆ.

ಟ್ಯಾಗನ್ನು ತರಿಸಿಕೊಟ್ಟವಳು ಮಾಲೂರಿನಲ್ಲಿರುವ ಮಗಳು. ಗೇಟು ದಾಟಿದ ಮೆಸೇಜು ಅವಳ ಮೊಬೈಲಿಗೇ ಹೋಗುತ್ತದೆ. "ನೀನು ಟೋಲ್ ದಾಟಿದ್ದು ಗೊತ್ತಾದ್ರೆ ನಾನು ನೆಮ್ಮದಿಯಾಗಿ ತಿಂಡಿ ತಿಂತೀನಿ" ಎನ್ನುತ್ತಿದ್ದಳು. ಆದರೆ ಮುಂದಿನ ಗಾಜಿನ ಮೇಲೆ ಏನನ್ನೇ ಅಂಟಿಸುವುದೂ ಇವರ ಕಣ್ಣಿಗೆ ಅಪರಾಧ. ಸರ್ವಿಸಿನಲ್ಲಿದ್ದಾಗ ಸಿನಿಮಾ ಹೀರೋಗಳು, ಪಕ್ಷದ ಚಿಹ್ನೆಗಳು, ಜಾತಿಯ ಹೆಸರುಗಳು, ಎಲ್ಲವನ್ನೂ ಕೆರೆದು ಕಿತ್ತವರು. ಅದಕ್ಕೆಂದೇ ಬಲಗೈ ಹೆಬ್ಬೆರಳಿನ ಉಗುರು ಬೆಳೆಸಿದ್ದರು. ಮೊದಲ ಟ್ಯಾಗು ಒಂದು ದಿನ ಉಳಿಯಿತು. ಒಮ್ಮೆ ಕಿತ್ತ ಟ್ಯಾಗು ಸತ್ತ ಹಾಗೆ, ಒಳಗಿನ ತೆಳು ತಂತಿ ಹರಿದುಹೋಗುತ್ತದೆ. ಎರಡನೆಯದನ್ನು ದಾರಿಯಲ್ಲೇ ಕಿತ್ತು ಮಡಿಚಿ ಜೇಬಿಗಿಟ್ಟುಕೊಂಡಿದ್ದರು. ನನಗೆ ತಿಳಿದದ್ದು ಗೇಟಿನ ಮುಂದೆ. ಆ ದಿನ ಇಳಿದವರ ಶರ್ಟಿನ ತೋಳನ್ನು ಒಂದು ಲಾರಿಯ ಕನ್ನಡಿ ಸವರಿಕೊಂಡು ಹೋಯಿತು. ಸವರಿದ್ದಷ್ಟೇ.

ಆಮೇಲೆ ಕೆಲವು ತಿಂಗಳು ಟೋಲಿನ ಸಹವಾಸವೇ ಬೇಡವೆಂದು ಶ್ರೀನಿವಾಸಪುರದ ಮೇಲೆ ಸುತ್ತು ಹಾಕಿಕೊಂಡು ಹೋಗುತ್ತಿದ್ದೆ. ಆ ದಾರಿ ಚೆಂದ, ಎರಡೂ ಕಡೆ ಮಾವಿನ ತೋಪು, ಕಿಟಕಿಯಲ್ಲಿ ನೆರಳು. ಮದುವೆಯಾದ ಹೊಸದರಲ್ಲಿ ಇವರ ಬೈಕಿನ ಹಿಂದೆ ಕೂತು ಅದೇ ದಾರಿಯಲ್ಲಿ ಹೋಗಿದ್ದೆ, ಸೆರಗು ಚಕ್ರಕ್ಕೆ ಸಿಗದ ಹಾಗೆ ಮಡಿಲಲ್ಲಿ ಅವುಚಿಕೊಂಡು. ಆದರೆ ಮಾವಿನ ಸೀಸನ್ ಬಂತು. ಮಂಡಿಯ ಹತ್ತಿರ ಟೆಂಪೋಗಳ ಸಂತೆ. ಹತ್ತು ಮಾರಿಗೊಮ್ಮೆ ನಿಲ್ಲಬೇಕು, ನಿಂತಾಗಲೆಲ್ಲ ಇವರನ್ನು ರಟ್ಟೆ ಹಿಡಿದು ಒಳಗೆಳೆದುಕೊಳ್ಳಬೇಕು. ಹೈವೇಯೇ ವಾಸಿ ಎನ್ನಿಸಿತು.

ಸರ್ವಿಸ್ ರಸ್ತೆಯಲ್ಲಿ ದೊಡ್ಡ ಛತ್ರಿ ನೆಟ್ಟುಕೊಂಡು ಟ್ಯಾಗ್ ಹಾಕಿಕೊಡುವವನೊಬ್ಬನಿದ್ದ. ಬೈರಕೂರಿನವನು, ನಡುವಯಸ್ಸು, ಮಾತಿನ ಮಲ್ಲ.

"ಮೂರನೇದಾ ಅಮ್ಮಾ? ಮನೇಲಿ ಟ್ಯಾಗ್ ಏನು ನಂಚ್ಕೊಂಡು ತಿಂತೀರಾ?"

"ತಿನ್ನಲ್ಲ ಕಣಪ್ಪ, ನಮ್ಮೆಜಮಾನರು ಕೀಳ್ತಾರೆ. ಈ ಸಲ ಡಿಸ್ಕ್ರೀಟ್ ಆಗಿ ಅಂಟಿಸಬೇಕು."

"ಏನಾಗಿ?"

ಆ ಪದಕ್ಕೆ ಕನ್ನಡ ತಕ್ಷಣ ಹೊಳೆಯಲಿಲ್ಲ. ಕಾನ್ವೆಂಟಿನಲ್ಲಿ ನಮ್ಮ ನೀಡಲ್‌ವರ್ಕ್ ಸಿಸ್ಟರ್ ದಿನಕ್ಕೆ ಹತ್ತು ಸಲ ಹೇಳುತ್ತಿದ್ದ ಮಾತು ಅದು. ಹೊಲಿಗೆ ಡಿಸ್ಕ್ರೀಟ್ ಆಗಿರಬೇಕು, ನಗು ಡಿಸ್ಕ್ರೀಟ್ ಆಗಿರಬೇಕು, ಅಳಬೇಕೆನಿಸಿದರೆ ಡಿಸ್ಕ್ರೀಟ್ ಆಗಿ ಅಳಬೇಕು, ಗರ್ಲ್ಸ್. ಇದ್ದೂ ಇಲ್ಲದ ಹಾಗೆ ಇರುವ ಕಲೆಯನ್ನು ಆಕೆ ನಮಗೆ ಹತ್ತು ವರ್ಷ ಕಲಿಸಿದರು.

"ಯಾರಿಗೂ ಕಾಣದ ಹಾಗೆ ಅಂಟಿಸಬೇಕು" ಎಂದೆ.

"ಕಾಣ್ದಂಗಾ? ಅಮ್ಮಾ, ಮೇಲಿರೋ ಮಿಷಿನ್‌ಗೆ ಇದು ಕಾಣ್ಲಿಲ್ಲಾಂದ್ರೆ ಗೇಟೇ ಏಳಲ್ವಲ್ಲಾ."

"ಮಿಷಿನ್‌ಗೆ ಕಾಣಲಿ. ಸಾಹೇಬರಿಗೆ ಕಾಣಬಾರದು."

ಅವನು ಬಗ್ಗಿ ಎಡಸೀಟಿನತ್ತ ನೋಡಿದ. ಕಾರಿನೊಳಗೆ ಬಾಗಿಲ ಹಿಡಿ ಹುಡುಕುತ್ತಿದ್ದ ಇವರು, "ಏಯ್, ರಸ್ತೆಯಲ್ಲಿ ಛತ್ರಿ ನೆಡೋದಕ್ಕೆ ಪರ್ಮಿಷನ್ ಇದೆಯೇನಯ್ಯಾ?" ಎಂದರು.

"ಐತೆ ಸಾರ್. ನೀವೇ ಕೊಟ್ಟಿದ್ರಲ್ಲಾ."

ಇವರು ಗೊಂದಲಕ್ಕೆ ಬಿದ್ದು ಕೂತರು. ಅವನು ನನ್ನತ್ತ ತಿರುಗಿ ದನಿ ತಗ್ಗಿಸಿದ. "ನಮ್ಮಪ್ಪನ ಟೆಂಪೋಗೆ ಎಫ್‌ಸಿ ಕೊಡ್ದೆ ಮೂರು ಸಲ ಅಲೆಸಿದ್ರಮ್ಮಾ ಇವ್ರು. ಒಂದು ಟೀ ಕೂಡ ಮುಟ್ಲಿಲ್ಲ. ನಮ್ಮಪ್ಪ ಸಾಯೋವರ್ಗೂ ಬೈಕೊಂಡೇ ಇದ್ದ." ಹೇಳಿ ನಕ್ಕ. ಆಮೇಲೆ ಒಳಗಿನ ಕನ್ನಡಿಯ ಹಿಂದೆ, ಗಾಜಿನ ಮೇಲ್ತುದಿಯಲ್ಲಿ ಟ್ಯಾಗನ್ನು ಒತ್ತಿ ಅಂಟಿಸಿದ. "ಡ್ರೈವರ್ ಸೀಟಿಂದ ಕಾಣಾಕಿಲ್ಲ. ಅಷ್ಟೇ ನನ್ ಕೈಲಾಗೋದು."

ಡ್ರೈವರ್ ಸೀಟಿನಿಂದ ಕಾಣಲಿಲ್ಲ, ನಿಜ. ಮನೆಗೆ ಬಂದು ಎಡಸೀಟಿನಲ್ಲಿ ಕೂತು ನೋಡಿದೆ. ಕನ್ನಡಿಯ ಪಕ್ಕದಲ್ಲಿ ಬಿಳಿ ಕಾಗದದ ಅಂಚು ಇಣುಕುತ್ತಿತ್ತು. ಇವರಿಗೆ ಅಷ್ಟು ಸಾಕು.

ಆಗ ನನ್ನ ತಲೆಗೆ ಕುರುಡುಮಲೆಯ ಗಣಪ ಬಂದ. ನಮ್ಮ ಕಡೆಯವರು ಹೊಸ ಗಾಡಿಯನ್ನು ಮೊದಲು ಆ ದೊಡ್ಡ ಗಣಪನ ಮುಂದೆ ತಂದು ನಿಲ್ಲಿಸಿ ಪೂಜೆ ಮಾಡಿಸುತ್ತಾರೆ, ಚಕ್ರದ ಕೆಳಗೆ ನಿಂಬೆಹಣ್ಣು ಅರೆಯುತ್ತಾರೆ, ಗಾಜಿಗೆ ಅವನದೊಂದು ಪಟ ಅಂಟಿಸಿಕೊಳ್ಳುತ್ತಾರೆ. ಇಡೀ ಸರ್ವಿಸಿನಲ್ಲಿ ಇವರು ಕೆರೆಯದೆ ಬಿಟ್ಟ ಒಂದೇ ಒಂದು ಸ್ಟಿಕ್ಕರ್ ಅದು. "ಗಣಪ ಒಬ್ಬ ಇರಲಿ, ಮಿಕ್ಕೋರೆಲ್ಲ ಕೆಳಗಿಳೀರಿ" ಎನ್ನುತ್ತಿದ್ದರಂತೆ. ಅಂದರೆ ಟ್ಯಾಗಿನ ಮೇಲೆ ಗಣಪನನ್ನು ಕೂರಿಸಿಬಿಟ್ಟರೆ? ಹೊರಗಿನಿಂದ ಮಿಷಿನ್ನಿಗೆ ಟ್ಯಾಗು, ಒಳಗಿನಿಂದ ಇವರಿಗೆ ದೇವರು. ಮರುದಿನವೇ ದೇವಸ್ಥಾನದ ಹೊರಗಿನ ಅಂಗಡಿಯಿಂದ ಅಂಗೈ ಅಗಲದ ಪಟ ತಂದೆ. ಅಗ್ಗದ ಪ್ಲಾಸ್ಟಿಕ್ ಪಟಗಳೂ ಇದ್ದವು. ನನ್ನ ಟೇಸ್ಟಿಗೆ ಅವು ಹಿಡಿಸಲಿಲ್ಲ. ತೆಳುವಾದ ತಗಡಿನ ಮೇಲೆ ಉಬ್ಬಿಸಿದ, ಬೆಳ್ಳಿಯ ಹಾಗೆ ಮಿನುಗುವ ಗಣಪನನ್ನು ಆರಿಸಿದೆ. ಸುತ್ತ ಟೇಪ್ ಹಚ್ಚಿ ಟ್ಯಾಗು ಪೂರ್ತಿ ಮುಚ್ಚುವಂತೆ ಅಂಟಿಸಿದೆ. ಛತ್ರಿಯವನನ್ನು ಒಂದು ಮಾತು ಕೇಳಲಿಲ್ಲ. ಗುರುವಾರ ಬೆಳಿಗ್ಗೆ ಇವರು ಕಾರು ಹತ್ತಿ, ಪಟ ನೋಡಿ, ಕೈ ಮುಗಿದರು. ಪರ್ಫೆಕ್ಟ್ ಎಂದುಕೊಂಡೆ. ನನ್ನ ಬುದ್ಧಿಗೆ ನಾನೇ ಶಭಾಷ್ ಹೇಳಿಕೊಂಡು ಕಾರು ತೆಗೆದೆ.

ಟೋಲಿಗೆ ಬಂದಾಗ ಹತ್ತೂವರೆ. ಕೋಲಾರದ ಮಾರ್ಕೆಟ್ಟಿಗೆ ಹೊರಟ ಟೊಮೇಟೊ ಲಾರಿಗಳು ಎಲ್ಲ ಸಾಲಿನಲ್ಲೂ ತುಂಬಿದ್ದವು. ನನ್ನ ಮುಂದಿದ್ದ ಗಾಡಿ ಹೋಯಿತು, ಅಡ್ಡಗೋಲು ಇಳಿಯಿತು. ನಾನು ಫಸ್ಟ್ ಗೇರಿನಲ್ಲಿ ಉರುಳಿಸಿಕೊಂಡು ಬಂದೆ. ಈಗ ಏಳುತ್ತದೆ, ಈಗ ಏಳುತ್ತದೆ ಅಂದುಕೊಂಡೆ. ಏಳಲಿಲ್ಲ. ಬಾನೆಟ್ಟಿಗೂ ಕೋಲಿಗೂ ಒಂದು ಗೇಣು ಇರುವಾಗ ಬ್ರೇಕ್ ಒತ್ತಿದೆ. ಹಿಂದಿನ ಲಾರಿ ಹಾರನ್ ಹೊಡೆಯಿತು.

ಎಡಗೈಯಲ್ಲಿ ಇವರ ಮಣಿಕಟ್ಟು ಹಿಡಿದೆ. ಕೈಯಲ್ಲಿ ಹಿಡಿಯುವ ಚಿಕ್ಕ ಮಿಷಿನ್ ತೆಗೆದುಕೊಂಡು ಟೋಲಿನವನು ಓಡಿ ಬಂದ.

"ಟ್ಯಾಗ್ ಎಲ್ಲಮ್ಮಾ?"

"ಇದೆ. ಗಣಪನ ಹಿಂದೆ ಇದೆ."

"ಯಾವ ಗಣಪ?" ಅವನು ಮಿಷಿನ್ನನ್ನು ಗಾಜಿಗೆ ಒತ್ತಿದ. ಅದು ಕುಂಯ್ ಎನ್ನಲಿಲ್ಲ. ಬಗ್ಗಿ ಒಳಗೆ ನೋಡಿದವನು ಹಣೆ ಚಚ್ಚಿಕೊಂಡ. "ಅಯ್ಯೋ, ತಗಡಿನ ಗಣಪ! ಬೆನ್ನಿಗೆ ತಗಡು ಒತ್ಕೊಂಡಿದ್ರೆ ಟ್ಯಾಗ್ ಹೆಂಗಮ್ಮಾ ಓದ್ತದೆ? ಕಿತ್ತಾಕಿ, ಬೇಗ ಕಿತ್ತಾಕಿ."

ಎರಡೂ ಕೈ ಬೇಕಾಯಿತು. ಇವರ ಮಣಿಕಟ್ಟು ಬಿಟ್ಟೆ. ಟೇಪು ಬಿಸಿಲಿಗೆ ಕಚ್ಚಿಕೊಂಡಿತ್ತು, ಉಗುರು ಹಾಕಿದರೆ ತಗಡಿನ ಅಂಚು ಬೆರಳು ಕೊಯ್ಯಿತು. ತಪ್ಪಾಯ್ತಪ್ಪಾ ಗಣೇಶ ಎನ್ನುತ್ತ ಎಳೆದೆ. ಕಿತ್ತು ಬಂತು. ಆ ಕಡೆ ತಿರುಗಿದೆ. ಎಡಸೀಟು ಖಾಲಿ. ಬಾಗಿಲು ತೆರೆದೇ ಇತ್ತು.

ಎಷ್ಟು ಹೊತ್ತಾಗಿತ್ತು? ಅರ್ಧ ನಿಮಿಷವಿರಬೇಕು. ಪರ್ಸು, ಮೊಬೈಲು ಬಾಚಿಕೊಂಡು ಇಳಿದು ಓಡಿದೆ. ಲಾರಿಯ ಪಕ್ಕದಲ್ಲಿ ನಿಂತರೆ ಮನುಷ್ಯರು ಎಷ್ಟು ಗಿಡ್ಡ ಎನ್ನುವುದು ಕಾರಿನೊಳಗೆ ಕೂತವರಿಗೆ ತಿಳಿಯುವುದಿಲ್ಲ. ಕಣ್ಣೆತ್ತಿದರೆ ಬರೀ ಚಕ್ರ, ಬಂಪರು, ಹೊಗೆ, ಒಡೆದ ಟೊಮೇಟೊ ಜಿನುಗಿದ ಕೆಂಪು ನೀರು. ಆ ಕೆಂಪನ್ನು ನೋಡಿ ಬಗ್ಗಿ ಚಕ್ರದ ಕೆಳಗೆ ಹುಡುಕಿದೆ. ಕೈಯಲ್ಲಿದ್ದ ಮೊಬೈಲ್ ಬಡಿದುಕೊಂಡಿತು. ಮಗಳು.

"ಅಮ್ಮಾ, ಮೆಸೇಜ್ ಬಂದಿಲ್ಲ. ಎಲ್ಲಿದ್ದೀಯಾ? ಅಪ್ಪ ಎಲ್ಲಿ?"

"ಇಲ್ಲೇ" ಎಂದೆ. ಎಲ್ಲಿ ಎಂದು ನನಗೂ ಗೊತ್ತಿರಲಿಲ್ಲ. ಫೋನು ಕಟ್ ಮಾಡಿದೆ.

"ರೀ!" ಎಂದು ಕೂಗಿದೆ. ಇಷ್ಟು ವರ್ಷದ ಸಂಸಾರದಲ್ಲಿ ನಾನು ಕರೆದದ್ದು ಹಾಗೇ. ನಾಲ್ಕು ಕಡೆಯಿಂದ ನಾಲ್ಕು ಡ್ರೈವರುಗಳು ತಲೆ ಹೊರಗೆ ಹಾಕಿದರು. ರೀ ಎನ್ನುವುದು ಒಂದು ಹೆಸರೇ ಅಲ್ಲ ಎಂದು ಆ ಬಿಸಿಲಿನಲ್ಲಿ ಮೊದಲ ಬಾರಿಗೆ ಹೊಳೆಯಿತು. ಅಲ್ಲಿದ್ದ ಎಲ್ಲ ಗಂಡಸರೂ ಯಾರಿಗೋ ರೀ. ನಾಚಿಕೆ ಬಿಟ್ಟು ಅವರ ಹೆಸರು ಹಿಡಿದು ಕೂಗಿದೆ. ಮದುವೆಯಲ್ಲಿ ಒಗಟು ಹೇಳಿ ಒಮ್ಮೆ ನುಡಿದ ಹೆಸರು. ಉತ್ತರ ಬರಲಿಲ್ಲ. ಆ ಹೆಸರು ಅವರಿಂದಲೂ ಜಾರಿಹೋಗಿತ್ತು. ಎಲ್ಲ ಸಾಲುಗಳಲ್ಲೂ ಗೇಟುಗಳು ಏಳುತ್ತಿದ್ದವು, ಇಳಿಯುತ್ತಿದ್ದವು, ಲಾರಿಗಳು ಮುಂದಕ್ಕೆ ಜರುಗುತ್ತಿದ್ದವು. ಪ್ರತಿ ಚಕ್ರ ಉರುಳಿದಾಗಲೂ ನಾನು ಕಣ್ಣು ಮುಚ್ಚಿ ತೆರೆಯುತ್ತಿದ್ದೆ. ದಯವಿಟ್ಟು, ಪ್ಲೀಸ್, ಪ್ಲೀಸ್. ದೇವರ ಹೆಸರು ಕೂಡ ಸೇರಿಸಲಾಗಲಿಲ್ಲ, ಅವನನ್ನು ಈಗಷ್ಟೇ ಕಿತ್ತು ಕೆಳಗೆ ಹಾಕಿ ಬಂದಿದ್ದೆ.

ಆಮೇಲೆ ನನ್ನ ಬಾಯಿಂದ ಹೇಗೆ ಬಂತೋ ಗೊತ್ತಿಲ್ಲ. "ಬ್ರೇಕ್ ಇನ್ಸ್‌ಪೆಕ್ಟ್ರೇ!" ಎಂದು ಕಿರುಚಿದೆ.

"ಯಾರದು?" ಎಂದಿತು ಮೂರನೆಯ ಸಾಲಿನಿಂದ ಒಂದು ದನಿ. ಗದರುವ ದನಿ. ಡ್ಯೂಟಿಯ ದನಿ.

ಎರಡು ಲಾರಿಗಳ ಸಂದಿನಲ್ಲಿ ನುಗ್ಗಿ ಹೋದೆ. ಟೊಮೇಟೊ ಕ್ರೇಟು ತುಂಬಿದ ಲಾರಿಯೊಂದರ ಮುಂದೆ, ಬಂಪರಿಗೆ ಎದೆ ತಾಗುವಷ್ಟು ಹತ್ತಿರದಲ್ಲಿ ಇವರು ನಿಂತಿದ್ದರು. ಕೈಯಲ್ಲಿ ಆ ಲಾರಿಯ ಕಾಗದಗಳು. ಎಂಜಿನ್ ಆಫ್ ಮಾಡಿ ಕೆಳಗಿಳಿದಿದ್ದ ಡ್ರೈವರು ರಾಯಲ್ಪಾಡಿನ ಕಡೆಯವನು, ಮಾತು ಅರ್ಧ ತೆಲುಗು. ಅವನು ಕೈ ಕಟ್ಟಿಕೊಂಡು ನಿಂತಿದ್ದ. ಆದರೆ ಅವನ ಹಣೆಯ ಮೇಲೆ ಬೆವರು ಕಿತ್ತುಕೊಂಡು ಬಂದಿತ್ತು.

"ರಂಡಮ್ಮಾ, ರಂಡಿ, ಬನ್ನಿ. ನಿಮ್ಮೋರಾ? ಸಾರ್ ಚೆಕಿಂಗ್ ಮಾಡ್ತಾವ್ರೆ." ಆಮೇಲೆ ನನ್ನ ಹತ್ತಿರ ಬಂದು ಮೆಲ್ಲಗೆ ಹೇಳಿದ: "ಸೀಟಿಂದ ನೋಡಿದ್ರೆ ಬಂಪರ್ ಹತ್ರ ನಿಂತೋರ ತಲೇನೇ ಕಾಣಾಕಿಲ್ಲಮ್ಮಾ ನಮ್ಗೆ. ಕ್ಲಚ್ ಬಿಡ್ತಾ ಇದ್ದೆ. ಪಕ್ಕದ ಗಾಡಿಯೋನು ಕೂಗ್ದ. ಅವ್ನು ಕೂಗ್ಲಿಲ್ಲಾಂದಿದ್ರೆ..." ಟವಲಿನಿಂದ ಮುಖ ಒರೆಸಿಕೊಂಡ.

"ಎಡಗಡೆ ಇಂಡಿಕೇಟರ್ ಒಡೆದಿದೆ. ನೋಟೀಸ್ ಕೊಡ್ತೀನಿ" ಎಂದರು ಇವರು.

"ಕೊಡಿ ಸಾರ್. ನಿಜವಾಗ್ಲೂ ಒಡ್ದೈತೆ. ನಂದೇ ತಪ್ಪು."

ನಾನು ಇವರ ತೋಳು ಹಿಡಿದೆ. "ಬನ್ನಿ, ಅಕ್ಕ ಕಾಯ್ತಿರ್ತಾರೆ."

ಅವರು ನನ್ನನ್ನು ನೋಡಿದರು. ತೋಳು ಬಿಡಿಸಿಕೊಂಡರು. "ನೀವು ಯಾರಮ್ಮ? ಈ ಗಾಡಿಗೂ ನಿಮಗೂ ಏನು ಸಂಬಂಧ?"

ಇವರು ನನ್ನನ್ನು ಕರೆಯುತ್ತಿದ್ದದ್ದು ಲೇ ಎಂದು, ಕಣೇ ಎಂದು. ಸಿಟ್ಟು ಬಂದಾಗ ಏನೇ ಮೇಮ್‌ಸಾಬ್ ಎಂದು. ನೀವು ಎಂದದ್ದು ಅದೇ ಮೊದಲು. ಲಾರಿಯ ಚಕ್ರಕ್ಕಿಂತ ಹೆಚ್ಚು ಹೆದರಿಸಿದ್ದು ಆ ಮರ್ಯಾದೆ.

"ಲೈಸೆನ್ಸ್ ಇದೆಯಾ?" ಎಂದರು.

ಪರ್ಸಿನಿಂದ ತೆಗೆದು ಕೊಟ್ಟೆ. ನನ್ನ ಬೆರಳಿನ ರಕ್ತ ಅದಕ್ಕೂ ತಾಗಿತು. ಅವರು ಫೋಟೋ ನೋಡಿದರು, ನನ್ನ ಮುಖ ನೋಡಿದರು, ಮತ್ತೆ ಫೋಟೋ. ಸುತ್ತ ಹಾರನ್ನುಗಳು ಹೊಡೆದುಕೊಳ್ಳುತ್ತಿದ್ದವು. ಆ ಡ್ರೈವರು ಎರಡೂ ಕೈ ಚಾಚಿ ಹಿಂದಿನವರನ್ನು ತಡೆಯುತ್ತಿದ್ದ.

"ಫೋಟೋ ಹಳೇದು" ಎಂದರು ಕೊನೆಗೆ.

"ಹೌದು ಸಾರ್."

"ಹೊಸದು ತೆಗೆಸಿ. ನಡೀರಿ, ನಿಮ್ಮ ಗಾಡಿ ಎಲ್ಲಿ?"

ಡ್ರೈವರು ನಮ್ಮ ಕಾರಿನವರೆಗೂ ಬಂದು ಇವರನ್ನು ಕೂರಿಸಿ ಬಾಗಿಲು ಹಾಕಿದ. ಟೋಲಿನವನು ಮಿಷಿನ್ ತೋರಿಸಿದ, ಅದು ಕುಂಯ್ ಎಂದಿತು, ಗೇಟು ಎದ್ದಿತು. ದಾಟಿದ ಮೇಲೆ ಒಂದು ಮೈಲಿ ನಾನು ಸೆಕೆಂಡ್ ಗೇರಿನಲ್ಲೇ ಓಡಿಸಿದೆ. ಗೇರ್ ಬದಲಿಸಬೇಕೆಂಬುದೇ ನೆನಪಾಗಲಿಲ್ಲ.

ಅಕ್ಕನಿಗೆ ಏನೂ ಹೇಳಲಿಲ್ಲ. ಮಗಳಿಗೆ ಹೇಳಬೇಕಾಯಿತು. "ಸಾಕಮ್ಮಾ, ನಿಲ್ಲಿಸಿಬಿಡು" ಎಂದಳು. "ಅಪ್ಪನ ಕರ್ಕೊಂಡು ಹೋಗೋದೇ ಬೇಡ." ಅವಳ ಮಾತು ಸರಿಯಿತ್ತು. ಆದರೆ ನಿಲ್ಲಿಸಿದರೆ ಅವರಿಗೆ ಗುರುತಿರುವ ಕೊನೆಯ ಮುಖವನ್ನೂ ನಾನೇ ಕೈಯಾರೆ ಅಳಿಸಿದ ಹಾಗಲ್ಲವೆ? ಮೂರು ದಿನ ಯೋಚಿಸಿದೆ. ಅಷ್ಟರಲ್ಲಿ ಮರೆಯಿಲ್ಲದೆ ಬಯಲಾಗಿದ್ದ ಆ ಟ್ಯಾಗನ್ನೂ ಇವರು ನಮ್ಮ ಅಂಗಳದಲ್ಲೇ ಕೆರೆದು ಮುಗಿಸಿದ್ದರು.

ನಾಲ್ಕನೆಯದನ್ನು ಬಚ್ಚಿಡಲಿಲ್ಲ. ಇವರನ್ನೇ ಛತ್ರಿಯವನ ಬಳಿ ಕರೆದೊಯ್ದೆ. ಅವನು ಟ್ಯಾಗನ್ನು ಎರಡೂ ಕೈಯಲ್ಲಿ ಹಿಡಿದು ಇವರ ಮುಂದೆ ನಿಂತ.

"ಸಾರ್, ಇದು ಡಿಪಾರ್ಟ್‌ಮೆಂಟಿಂದ ಬಂದೈತೆ. ಎಲ್ಲಿ ಅಂಟಿಸ್ಬೇಕು ಅಂತ ಆರ್ಡರ್ ಮಾಡಿ."

ಇವರು ಕಾರಿನ ಸುತ್ತ ಒಂದು ಸುತ್ತು ಬಂದರು. ಡ್ರೈವರ್ ಸೀಟಿನಲ್ಲಿ ಕೂತು ನೋಡಿದರು, ಇಳಿದು ನೋಡಿದರು. "ಡ್ರೈವರ್ ಕಣ್ಣಿಗೆ ಅಡ್ಡ ಬರಬಾರದು. ಮೇಲೆ. ಇನ್ನೂ ಸ್ವಲ್ಪ ಮೇಲೆ" ಎಂದು ಕನ್ನಡಿಯ ಹಿಂದಿನ ಅದೇ ಜಾಗ ತೋರಿಸಿದರು. ತಾವೇ ಹೆಬ್ಬೆರಳಿನಿಂದ ಮೂಲೆಗಳನ್ನು ಒತ್ತಿದರು.

ಟ್ಯಾಗು ಈವರೆಗೆ ಉಳಿದಿದೆ. ಅಂಟಿಸಿದ್ದು ಅವರಿಗೆ ಮರೆತುಹೋಗಿದೆ. ಕೆಲವು ಗುರುವಾರ ಅದರತ್ತ ಉಗುರು ಹೋಗುತ್ತದೆ. "ಇದಕ್ಕೆ ಯಾರ ಪರ್ಮಿಷನ್?" ಎನ್ನುತ್ತಾರೆ.

"ಇಲ್ಲಿ ಒಬ್ಬ ಬ್ರೇಕ್ ಇನ್ಸ್‌ಪೆಕ್ಟ್ರು ಇದ್ರು, ಅವರೇ ಅಂಟಿಸಿದ್ದು."

"ಹೇಗೆ, ಸ್ಟ್ರಿಕ್ಟಾ?"

"ತುಂಬಾ. ಒಂದು ಟೀ ಕೂಡ ಮುಟ್ಟುತ್ತಿರಲಿಲ್ಲವಂತೆ."

"ಹಾಗಾದ್ರೆ ಇರಲಿ" ಎಂದು ಕೈ ತೆಗೆಯುತ್ತಾರೆ.

ನನಗೆ ಹೆದರಿಕೆ ಹೋಗಿಲ್ಲ. ಮಿಷಿನ್ ಕೆಡಬಹುದು, ಮುಂದಿನ ಗಾಡಿ ಕೆಟ್ಟು ನಿಲ್ಲಬಹುದು, ಇರಲಿ ಎನ್ನುವ ಇವರ ಉತ್ತರವೇ ಒಂದು ದಿನ ಬದಲಾಗಬಹುದು. ಕಳೆದ ಗುರುವಾರ ಟೋಲಿನ ಹಂಪುಗಳು ಶುರುವಾಗುತ್ತಲೇ ಫಸ್ಟ್ ಗೇರಿಗೆ ಬಂದು, ಎಡಗೈಯಲ್ಲಿ ಅವರ ಮಣಿಕಟ್ಟು ಹಿಡಿದೆ. ನಾಡಿ ನಿಧಾನವಾಗಿ, ಅವರ ಪಾಡಿಗೆ ಬಡಿಯುತ್ತಿತ್ತು. ನನ್ನದು ಕಿವಿಯಲ್ಲಿ ಕೇಳುತ್ತಿತ್ತು.

"ಒಂದೇ ಕೈಯಲ್ಲಿ ಓಡಿಸಬಾರದು, ಗೊತ್ತಿಲ್ವಾ ನಿಮಗೆ?" ಎಂದರು.

"ಗೊತ್ತು ಸಾರ್" ಎಂದೆ.

ಗೇಟು ಎದ್ದಿತು. ಕೈ ಬಿಡದೆ ದಾಟಿದೆ.